ಹಳೇ ಗೋಡೆಯ ಇಟ್ಟಿಗೆಗೆ ಬೆಲೆ ಕಟ್ಟಿದ್ದು

ಅಜ್ಜ ಕಟ್ಟಿಸಿದ ಹಳೇ ಮನೆಯನ್ನು ಇಳಿಸಬೇಕು ಅಂತ ತೀರ್ಮಾನ ಆದ ಮೇಲೆ ಮೊದಲು ಬಂದವರು ಹಳೇ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿ. ಸುತ್ತ ಒಂದು ಸಲ ಓಡಾಡಿ ನೋಡಿದರು. ಗೋಡೆಗೆ ಎರಡು ಸಲ ಕೈಯಿಂದ ಬಡಿದರು. "ನಾವೇ ಕೆಡವಿ ಜಾಗ ಖಾಲಿ ಮಾಡಿ ಕೊಡ್ತೀವಿ. ನೀವು ಕೂಲಿ ಕೊಡೋದು ಬೇಡ, ನಾವು ಇಟ್ಟಿಗೆಗೆ ಅಂತ ಏನೂ ಕೊಡೋದಿಲ್ಲ" ಅಂದರು. ಅವರು ಹೋದ ಮೇಲೆ ಅಣ್ಣ ಸಿಟ್ಟಾದ. "ಹೊಸ ಇಟ್ಟಿಗೆಯ ಅರ್ಧ ಬೆಲೆ ಹಿಡಿದರೂ ಎಷ್ಟಾಗುತ್ತೆ ನೋಡು, ಇವರು ಸುಮ್ನೆ ಹೊಡ್ಕೊಂಡು ಹೋಗೋಕೆ ಬಂದಿದ್ದಾರೆ" ಅಂದ. ಒಬ್ಬರ ಲೆಕ್ಕದಲ್ಲಿ ಸೊನ್ನೆ, ಇನ್ನೊಬ್ಬರ ಲೆಕ್ಕದಲ್ಲಿ ಅರ್ಧ. ಎರಡರ ನಡುವೆ ಇಷ್ಟು ಅಂತರ ಇದ್ದರೆ ಇಬ್ಬರೂ ಅಂದಾಜಿನಲ್ಲೇ ಮಾತಾಡುತ್ತಿದ್ದಾರೆ ಅಂತ ನನಗೆ ಅನಿಸಿತು. ನಾನೇ ಲೆಕ್ಕ ಮಾಡಿ ನೋಡುತ್ತೇನೆ, ಒಂದು ವಾರ ಕೊಡು ಅಂತ ಅಣ್ಣನನ್ನು ಕೇಳಿದೆ. ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ, ಹಳೇ ಗೋಡೆ ಮುಂದೆ ನಿಂತು ಇದೇ ಪ್ರಶ್ನೆ ಕೇಳಿಕೊಳ್ಳುವ ಯಾರಿಗಾದರೂ ಬೇಕಾಗಬಹುದು.

ಹಣದ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಜಾಗಕ್ಕೊಂದು, ಕಾಲಕ್ಕೊಂದು. ನಾನು ಮಾಡಿದ್ದು ಏನೆಂದರೆ, ಕೆಲಸದ ಜಾಗಕ್ಕೆ ತಂದು ಇಳಿಸಿದ ಒಂದು ಹೊಸ ಇಟ್ಟಿಗೆಯ ಬೆಲೆಯನ್ನು 100 ಅಂತ ಇಟ್ಟುಕೊಂಡೆ. ಮಿಕ್ಕ ಎಲ್ಲವನ್ನೂ, ಕೂಲಿ, ಸಾಗಾಟ, ಒಡೆದದ್ದು, ಎಲ್ಲವನ್ನೂ ಆ 100ರ ಜೊತೆಗೇ ಹೋಲಿಸಿದೆ. ಮರ, ಹೆಂಚು, ಬಾಗಿಲು ಇವೆಲ್ಲ ಬೇರೆ ಲೆಕ್ಕ, ಅವನ್ನು ಮೊದಲೇ ಇಳಿಸಿ ಆಗಿತ್ತು.

ಮೊದಲು ಎಣಿಕೆ. ಸುಲಭ ಅಂದುಕೊಂಡಿದ್ದೆ, ಮೊದಲ ತಪ್ಪು ಇಲ್ಲೇ ಆಯಿತು. ಒಂದು ಕಡೆ 1 ಮೀಟರ್ ಉದ್ದ, 1 ಮೀಟರ್ ಎತ್ತರ ಗುರುತು ಹಾಕಿ ಗಿಲಾವು ಕೆರೆದು, ಕಾಣುವ ಇಟ್ಟಿಗೆಗಳನ್ನು ಎಣಿಸಿದೆ. 73 ಬಂತು. ಗೋಡೆ 23 ಸೆಂಟಿಮೀಟರ್ ದಪ್ಪ, ಅಂದರೆ ಆಚೆ ಮುಖದಲ್ಲೂ ಅಷ್ಟೇ ಇರುತ್ತವೆ, ಎರಡು ಸೇರಿ ಸುಮಾರು 147 ಅಂತ ಬರೆದುಕೊಂಡೆ. ಬಾಗಿಲು ಕಿಟಕಿ ಕಳೆದರೆ ಮನೆಯ ಗೋಡೆ ಒಟ್ಟು 60 ಚದರ ಮೀಟರ್. ಗುಣಿಸಿದರೆ 8,800 ದಾಟಿತು. ಅಣ್ಣನಿಗೆ ಹೇಳಿದಾಗ ಅವನಿಗೆ ಖುಷಿಯೋ ಖುಷಿ. ಅರ್ಧ ಬೆಲೆ ಹಿಡಿದರೂ 4,400 ಹೊಸ ಇಟ್ಟಿಗೆಯ ದುಡ್ಡು ಅಂದ.

ನಮಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಅವರನ್ನು ಕರೆಸಿ ನನ್ನ ಲೆಕ್ಕ ತೋರಿಸಿದೆ. ಅವರು ಗೋಡೆ ನೋಡಿ ಒಂದೇ ಮಾತು ಹೇಳಿದರು. "ಅಡ್ಡ ಇಟ್ಟಿಗೇನ ಎರಡು ಸಲ ಎಣಿಸಿದ್ದೀಯಮ್ಮ." ಆಮೇಲೆ ಬೆರಳಿಟ್ಟು ತೋರಿಸಿದರು. ಒಂದು ವರಸೆಯಲ್ಲಿ ಇಟ್ಟಿಗೆಗಳು ಗೋಡೆಯ ಉದ್ದಕ್ಕೆ ಮಲಗಿರುತ್ತವೆ, ಅದರ ಮೇಲಿನ ವರಸೆಯಲ್ಲಿ ಅಡ್ಡಕ್ಕೆ ಇರುತ್ತವೆ. ಉದ್ದಕ್ಕೆ ಮಲಗಿದವು ಈಚೆ ಒಂದು, ಆಚೆ ಒಂದು ಬೇರೆ ಬೇರೆ ಇಟ್ಟಿಗೆ. ಅಡ್ಡಕ್ಕೆ ಇಟ್ಟವು ಗೋಡೆಯ ಆರುಪಾರು ಹೋಗುತ್ತವೆ, ಎರಡೂ ಕಡೆ ಕಾಣುವುದು ಒಂದೇ ಇಟ್ಟಿಗೆಯ ಎರಡು ತುದಿ. ನಾನು ಎಣಿಸಿದ 73ರಲ್ಲಿ ಸುಮಾರು 49 ಅಡ್ಡ ಇಟ್ಟಿಗೆ, 24 ಚಿಲ್ಲರೆ ಉದ್ದ ಇಟ್ಟಿಗೆ. ಉದ್ದದ್ದನ್ನು ಮಾತ್ರ ಎರಡರಿಂದ ಗುಣಿಸಬೇಕು. ಆಗ ಬರುವುದು 98.

ಇದನ್ನು ಇನ್ನೊಂದು ದಾರಿಯಲ್ಲೂ ಸರಿ ನೋಡಿಕೊಂಡೆ. ನಮ್ಮ ಇಟ್ಟಿಗೆ 230 ಮಿಲಿಮೀಟರ್ ಉದ್ದ, 110 ಅಗಲ, 75 ದಪ್ಪ. ಸುತ್ತಲೂ 10 ಮಿಲಿಮೀಟರ್ ಸಂದು ಸೇರಿಸಿದರೆ ಉದ್ದಕ್ಕೆ ಮಲಗಿದ ಒಂದು ಇಟ್ಟಿಗೆ ಗೋಡೆಯ ಮೇಲೆ 240 ಗುಣಿಸು 85 ಜಾಗ ತೆಗೆದುಕೊಳ್ಳುತ್ತದೆ. 1 ಚದರ ಮೀಟರಿಗೆ 49, ಎರಡು ಪದರಕ್ಕೆ 98. ಎರಡೂ ದಾರಿ ಒಂದೇ ಕಡೆ ಬಂದಾಗ ಸಮಾಧಾನ ಆಯಿತು. 60 ಚದರ ಮೀಟರಿಗೆ 5,880. ಒಂದೇ ಮಧ್ಯಾಹ್ನದಲ್ಲಿ ಮೂರು ಸಾವಿರ ಇಟ್ಟಿಗೆ ಕಡಿಮೆ ಆಯಿತು. ಯಾರಾದರೂ ಗೋಡೆ ಅಳೆದು ಇಟ್ಟಿಗೆ ಸಂಖ್ಯೆ ಹೇಳಿದರೆ ಮೊದಲು ಕೇಳಬೇಕಾದ್ದು ಇದನ್ನೇ, ಅಡ್ಡ ಇಟ್ಟಿಗೆಯನ್ನು ಹೇಗೆ ಎಣಿಸಿದಿರಿ ಅಂತ.

ಆಮೇಲೆ ಮೇಸ್ತ್ರಿ ಜೇಬಿನಿಂದ ಒಂದು ಮೊಳೆ ತೆಗೆದರು. ಇಟ್ಟಿಗೆ ಕಡೆ ನೋಡಲೇ ಇಲ್ಲ. ಎರಡು ಇಟ್ಟಿಗೆ ನಡುವಿನ ಸಂದನ್ನು ಕೆರೆದರು. ಮನೆಯ ಮುಂದಿನ ಭಾಗದ ಗೋಡೆಯಲ್ಲಿ ಗಾರೆ ಪುಡಿಪುಡಿಯಾಗಿ ಉದುರಿತು. ಮನೆಯ ಹಿಂಭಾಗದಲ್ಲಿ, ಎಷ್ಟೋ ವರ್ಷ ಆದ ಮೇಲೆ ಸೇರಿಸಿ ಕಟ್ಟಿದ ಕೋಣೆಯಲ್ಲಿ ಅದೇ ಮೊಳೆ ಸುಮ್ನೆ ಗೀರು ಎಳೆದು ಜಾರಿತು. ಮುಂದಿನದು ಸುಣ್ಣದ ಗಾರೆ, ಹಿಂದಿನದು ಸಿಮೆಂಟ್. "ಇಟ್ಟಿಗೆ ಬೆಲೆ ಇಟ್ಟಿಗೇಲಿ ಇರಲ್ಲಮ್ಮ, ಸಂದಲ್ಲಿ ಇರುತ್ತೆ" ಅಂದರು. ಈ ಇಡೀ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ಬೆಲೆಬಾಳುವ ಮಾತು ಅದು.

ಕಾರಣ ಸರಳ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಗೋಡೆಗೆ ಪೆಟ್ಟು ಬಿದ್ದರೆ ಮೊದಲು ಬಿಡುವುದು ಸಂದು, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಗಟ್ಟಿ ಸಿಮೆಂಟ್ ಗಾರೆ ಎಷ್ಟೋ ಹಳೇ ಇಟ್ಟಿಗೆಗಳಿಗಿಂತ ಬಿಗಿ. ಅಲ್ಲಿ ಸಂದು ಬಿಡುವುದಿಲ್ಲ, ಇಟ್ಟಿಗೆಯೇ ಸೀಳುತ್ತದೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಆದರೆ ಸಾಮಾನ್ಯ ಮನೆಗಳ ಗೋಡೆಗೆ ಅದು ಬರಲು ತುಂಬಾ ಕಾಲ ಹಿಡಿಯಿತು. ಹಾಗಾಗಿ ಮನೆ ಹಳೇದು ಅಂದ ಮಾತ್ರಕ್ಕೆ ಸುಣ್ಣ ಅಂತಲೂ ಅಲ್ಲ, ಸಿಮೆಂಟ್ ಅಂತಲೂ ಅಲ್ಲ. ಒಂದೇ ಮನೆಯಲ್ಲಿ ಎರಡೂ ಇರಬಹುದು, ನಮ್ಮದರಲ್ಲಿ ಇದ್ದಂತೆ. ಪ್ರತಿ ಗೋಡೆಯನ್ನೂ ಕೆರೆದು ನೋಡಬೇಕು. ನಾನು ಮನೆಗೆ ಬಂದು ಎರಡೂ ಗಾರೆಯ ಚೂರಿನ ಮೇಲೆ ವಿನಿಗರ್ ಹಾಕಿ ನೋಡಿದೆ, ಸುಣ್ಣ ಮಾತ್ರ ನೊರೆ ಬರುತ್ತದೆ ಅಂದುಕೊಂಡು. ಎರಡರಲ್ಲೂ ಗುಳ್ಳೆ ಬಂತು. ಹಳೇ ಸಿಮೆಂಟ್ ಗಾರೆಯೂ ಗಾಳಿಯ ಜೊತೆ ಸೇರಿ ಸುಣ್ಣದಕಲ್ಲಿನ ಗುಣ ಪಡೆದಿರುತ್ತದೆ, ಅದಕ್ಕೆ. ಮೊಳೆಯೇ ವಾಸಿ.

ಸಿಮೆಂಟ್ ಕೋಣೆಯ ಗೋಡೆ 12 ಚದರ ಮೀಟರ್, ಸುಮಾರು 1,180 ಇಟ್ಟಿಗೆ. ಅದನ್ನು ಪರೀಕ್ಷೆ ಮಾಡದೆ ಬಿಡಲು ಮನಸ್ಸು ಬರಲಿಲ್ಲ. ಒಬ್ಬ ಕೆಲಸಗಾರನಿಗೆ ಅರ್ಧ ದಿನದ ಕೂಲಿ ಕೊಟ್ಟು ಬಿಡಿಸಿ ನೋಡಿದೆ. 30 ಇಟ್ಟಿಗೆ ಬಿಡಿಸಿದರೆ 9 ಇಡಿಯಾಗಿ ಬಂದವು, ಅವಕ್ಕೂ ಒಂದು ಮಗ್ಗುಲಿಗೆ ಸಿಮೆಂಟ್ ಅಂಟಿಕೊಂಡೇ ಇತ್ತು. ಆ 9 ಇಟ್ಟಿಗೆಗೆ ಕೊಟ್ಟ ಕೂಲಿಯಲ್ಲಿ ಹೊಸದು 35 ಬರುತ್ತಿತ್ತು. ಆ ಕೋಣೆಯನ್ನು ಪೂರ್ತಿ ಲೆಕ್ಕದಿಂದ ತೆಗೆದು ಹಾಕಿದೆ. ಉಳಿದದ್ದು 4,700.

ಆಮೇಲೆ ನೆಲದ ಹತ್ತಿರದ ಭಾಗ. ಅಲ್ಲಿ ಗಿಲಾವು ಉಬ್ಬಿ ಬಿದ್ದಿತ್ತು, ಇಟ್ಟಿಗೆ ಮೇಲೆ ಬಿಳಿ ಪುಡಿ ಕೂತಿತ್ತು. ನೆಲದಿಂದ ಏರುವ ತೇವ ತನ್ನ ಜೊತೆ ಉಪ್ಪು ತರುತ್ತದೆ, ನೀರು ಆರಿದಾಗ ಉಪ್ಪು ಇಟ್ಟಿಗೆಯೊಳಗೇ ಉಳಿಯುತ್ತದೆ. ಹೊರಗೆ ಚೆನ್ನಾಗಿ ಕಂಡ ಎರಡು ಇಟ್ಟಿಗೆಯನ್ನು ತಂದು ಪರೀಕ್ಷೆ ಮಾಡಿದೆ. ಅಗಲವಾದ ತಟ್ಟೆಯಲ್ಲಿ 25 ಮಿಲಿಮೀಟರ್ ನೀರು ಹಾಕಿ, ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನೀರೆಲ್ಲ ಹೀರಿ ಆವಿಯಾಗಲು ಬಿಡುವುದು, ಮತ್ತೆ ಅಷ್ಟೇ ನೀರು ಹಾಕಿ ಮತ್ತೆ ಆರಲು ಬಿಡುವುದು. ಎರಡನೇ ಸಲ ಆರಿದಾಗ ಅರ್ಧಕ್ಕಿಂತ ಜಾಸ್ತಿ ಮೈ ಬೆಳ್ಳಗಾಗಿತ್ತು. ಮೇಲಿನ ಗೋಡೆಯ ಇಟ್ಟಿಗೆಯಲ್ಲಿ ತುದಿಗೆ ಒಂದು ತೆಳು ಗೆರೆ ಮಾತ್ರ. ಕೆಳಗಿನವನ್ನು ಯಾರಿಗಾದರೂ ಮಾರಿದರೆ ಅವರ ಗೋಡೆಯಲ್ಲೂ ಬಣ್ಣ ಉದುರುತ್ತದೆ, ಗಿಲಾವು ಉಬ್ಬುತ್ತದೆ. ಅದು ಬೇಡ ಅಂತ ಕೆಳಗಿನ ಎರಡಡಿಯ ಸುಮಾರು 900 ಇಟ್ಟಿಗೆಯನ್ನೂ ಕಳೆದೆ. ಈಗ 3,800.

ಈ ಹೊತ್ತಿಗೆ ನನಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಕಾಗದದ ಮೇಲೆ ಎಷ್ಟು ಗುಣಿಸಿದರೂ ಪ್ರಯೋಜನ ಇಲ್ಲ, ಒಂದು ಸಣ್ಣ ಭಾಗವನ್ನು ನಿಜವಾಗಿ ಬಿಚ್ಚಿ ನೋಡಬೇಕು. ಮೇಸ್ತ್ರಿ ಸಲಹೆಯಂತೆ ಮೇಲಿನ ವರಸೆಯಿಂದ ಶುರು ಮಾಡಿ 100 ಇಟ್ಟಿಗೆ ಬಿಡಿಸಿದೆವು. ಯಾವಾಗಲೂ ಮೇಲಿನಿಂದಲೇ, ವರಸೆ ವರಸೆಯಾಗಿ. ಸುತ್ತಿಗೆಯಿಂದ ಸಂದಿಗೆ ಮೆಲ್ಲಗೆ ಏಟು, ಉಳಿ ತೂರಿಸಿ ಸ್ವಲ್ಪ ಎತ್ತುವುದು, ಕೈಯಲ್ಲಿ ತೆಗೆದು ಕೆಳಗೆ ಕೊಡುವುದು. ಕೆಳಗೆ ಎಸೆಯುವಂತಿಲ್ಲ. 100ರಲ್ಲಿ 76 ಇಡಿಯಾಗಿ ಬಂದವು. 14 ಅರ್ಧವೋ ಮುಕ್ಕಾಲೋ ಆದವು. 10 ಚೂರಾದವು.

ಆ 76ನ್ನು ನಾನೇ ಕೂತು ಕೆರೆದೆ. ಕೈಗವಸು, ಕನ್ನಡಕ, ಮೂಗಿಗೆ ಒಳ್ಳೇ ಮಾಸ್ಕ್ ಇವು ಇಲ್ಲದೆ ಕೂರಬೇಡಿ, ಗಾರೆಯಲ್ಲೂ ಇಟ್ಟಿಗೆಯಲ್ಲೂ ಸಿಲಿಕಾ ಇರುತ್ತದೆ, ಅದರ ನುಣುಪು ದೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿಕೊಂಡರೆ ದೂಳು ಕಡಿಮೆ. ಮೊದಲ ಗಂಟೆಯಲ್ಲಿ 18 ಇಟ್ಟಿಗೆ ಆಯಿತು, ಮೂರನೇ ಗಂಟೆಯಲ್ಲಿ 28. ಅಭ್ಯಾಸ ಇರುವ ಕೆಲಸಗಾರ ದಿನಕ್ಕೆ 300ರ ಹತ್ತಿರ ಮಾಡಿದ. ಮಷೀನ್ ಹಾಕಿ ಉಜ್ಜಿದರೆ ಬೇಗ ಆಗುತ್ತಲ್ಲ ಅಂತ ಅಣ್ಣ ಕೇಳಿದ. ಒಂದಕ್ಕೆ ಮಾಡಿ ನೋಡಿದೆವು. ಗೂಡಿನ ಬೆಂಕಿಯಲ್ಲಿ ಬೆಂದಾಗ ಇಟ್ಟಿಗೆಯ ಹೊರಮೈಗೆ ಒಂದು ಗಟ್ಟಿ ಚರ್ಮ ಬಂದಿರುತ್ತದೆ, ಮಷೀನ್ ಅದನ್ನೇ ಕೆರೆದು ಹಾಕಿತು. ಒಳಗಿನ ಮೆತ್ತನೆ ಭಾಗ ಹೊರಗೆ ಬಂದರೆ ಇಟ್ಟಿಗೆ ಬೇಗ ಸವೆಯುತ್ತದೆ, ನೋಡಲೂ ಚೆನ್ನಾಗಿರಲ್ಲ. ಆ್ಯಸಿಡ್ ಹಾಕುವುದೂ ಬೇಡ ಅಂದರು ಮೇಸ್ತ್ರಿ, ಅದು ಇಟ್ಟಿಗೆಯೊಳಗೆ ಬೇರೆ ಉಪ್ಪು ಬಿಟ್ಟು ಹೋಗುತ್ತದೆ. ಕೈಯಿಂದಲೇ ಸರಿ. ಕೆರೆಯುವಾಗ ಇನ್ನೂ 4 ಒಡೆದವು. 72 ಉಳಿದವು.

ಈ 72ರಲ್ಲಿ ಎಲ್ಲವೂ ಒಂದೇ ಅಲ್ಲ. ಎರಡೆರಡು ಇಟ್ಟಿಗೆ ತೆಗೆದುಕೊಂಡು ಒಂದಕ್ಕೊಂದು ಬಡಿದು ಕೇಳಿದೆ. ಹೆಚ್ಚಿನವು ಠಣ್ ಅಂದವು. ಕೆಲವು ಡಬ್ ಅಂದವು, ಒಣ ಮಣ್ಣಿನ ಹೆಂಟೆಗೆ ಬಡಿದಂತೆ. ಡಬ್ ಅಂದವುಗಳ ಮೇಲೆ ಉಗುರಿನಿಂದ ಗೀಚಿದರೂ ಗುರುತು ಬೀಳುತ್ತಿತ್ತು, ಬಣ್ಣವೂ ಸ್ವಲ್ಪ ಪೇಲವ. ಇವು ಗೂಡಿನಲ್ಲಿ ಸರಿಯಾಗಿ ಬೇಯದ ಇಟ್ಟಿಗೆ. ಕಟ್ಟುವವರು ಇವನ್ನು ಬಿಸಾಡದೆ ಗೋಡೆಯ ಒಳಮೈಗೆ ಹಾಕುತ್ತಿದ್ದರು, ಗಿಲಾವಿನ ಹಿಂದೆ ಮಳೆ ಬಿಸಿಲು ತಾಗದೆ ಇಷ್ಟು ವರ್ಷ ಆರಾಮಾಗಿ ಇದ್ದವು. ಬಿಚ್ಚಿ ರಾಶಿ ಹಾಕಿದ ಮೇಲೆ ಯಾವುದು ಒಳಗಿನದು, ಯಾವುದು ಹೊರಗಿನದು ಅಂತ ಗೊತ್ತಾಗುವುದಿಲ್ಲ. ಹಳೇ ಇಟ್ಟಿಗೆ ಕೊಳ್ಳುವವರಿಗೆ ಮೋಸ ಆಗುವುದು ಇಲ್ಲೇ ಅಂತ ನನ್ನ ಅನಿಸಿಕೆ. ರಾಶಿ ಎಲ್ಲ ಒಂದೇ ಥರ ಕೆಂಪಗೆ ಕಾಣುತ್ತದೆ, ಹೊರಗೋಡೆಗೆ ಕಟ್ಟಿದ ಮೇಲೆ ಒಂದೆರಡು ಮಳೆಗಾಲದಲ್ಲಿ ಅಲ್ಲೊಂದು ಇಲ್ಲೊಂದು ಪುಡಿಯಾಗಲು ಶುರು ಆಗುತ್ತದೆ.

ಕಿವಿ ಮಾತ್ರ ನಂಬದೆ ನೀರಿನಲ್ಲೂ ನೋಡಿದೆ. ಕೆಲವು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಕ ಹಾಕಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಕ ಹಾಕಿದೆ. ಠಣ್ ಅಂದ ಇಟ್ಟಿಗೆ 3.1 ಕಿಲೋ ಇದ್ದದ್ದು 3.6 ಆಯಿತು, ಶೇಕಡ 16. ಡಬ್ ಅಂದದ್ದು 2.9ರಿಂದ 3.6ಕ್ಕೆ ಏರಿತು, ಶೇಕಡ 24. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡ 20ಕ್ಕಿಂತ ಜಾಸ್ತಿ ನೀರು ಹೀರಬಾರದು ಅನ್ನುವುದು ಕಟ್ಟಡದವರು ಬಳಸುವ ಗೆರೆ. ಕಿವಿ ಹೇಳಿದ್ದೂ ತಕ್ಕಡಿ ಹೇಳಿದ್ದೂ ಒಂದೇ ಆಯಿತು. 72ರಲ್ಲಿ 9 ಮೆತ್ತನೆಯವು. ಉಳಿದ 63 ಮಾತ್ರ ಮೊದಲ ದರ್ಜೆ.

ಅಂದರೆ ಗೋಡೆಯಲ್ಲಿ 100 ಇಟ್ಟಿಗೆ ಇದ್ದರೆ ಬೆಲೆ ಕೇಳಬಹುದಾದವು 63. ನಮ್ಮ 3,800ಕ್ಕೆ ಸುಮಾರು 2,400. ನಾನು ಮೊದಲ ದಿನ ಅಣ್ಣನಿಗೆ ಹೇಳಿದ್ದು 8,800. ಅವನಿಗೆ ಇದನ್ನು ಹೇಳುವಾಗ ಬೇಜಾರಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಈಗ ಒಂದಕ್ಕೆ ಎಷ್ಟು?" ಅಂತ ಕೇಳಿದ.

ಅಲ್ಲಿಂದ ಖರ್ಚಿನ ಲೆಕ್ಕ. ಆಗ ನಮ್ಮ ಕೆಲಸದಲ್ಲಿ ಒಬ್ಬರ ಒಂದು ದಿನದ ಕೂಲಿಗೆ 70 ಹೊಸ ಇಟ್ಟಿಗೆ ಬರುತ್ತಿತ್ತು, ಅಂದರೆ ನನ್ನ ಅಳತೆಯಲ್ಲಿ 7,000. ನಿಮ್ಮಲ್ಲಿ ಈ ಅಂಕಿ ಬೇರೆ ಇರುತ್ತದೆ, ಲೆಕ್ಕದ ಫಲ ಎಲ್ಲ ಇದರ ಮೇಲೇ ನಿಂತಿದೆ. ಕೂಲಿ ಜಾಸ್ತಿ, ಇಟ್ಟಿಗೆ ಅಗ್ಗ ಇರುವ ಕಡೆ ಹಳೇ ಇಟ್ಟಿಗೆ ಬಿಡಿಸುವುದೇ ನಷ್ಟ ಆಗಬಹುದು. ದಿನಕ್ಕೆ 300 ಕೆರೆದರೆ ಒಂದಕ್ಕೆ 23. ಕೈಯಿಂದ ಗೋಡೆ ಬಿಚ್ಚುವುದಕ್ಕೆ ಇಬ್ಬರು ದಿನಕ್ಕೆ 600 ಇಟ್ಟಿಗೆ ತೆಗೆದರು, ಅದರಲ್ಲಿ ಒಳ್ಳೆಯವು 378, ಹಾಗಾಗಿ ಒಳ್ಳೆಯದು ಒಂದಕ್ಕೆ 37. ಜೋಡಿಸಿಡುವುದಕ್ಕೆ, ಅಂದರೆ ಅಟ್ಟಿ ಹಾಕುವುದಕ್ಕೆ, 6.

ಇಲ್ಲಿ ಒಂದು ಸೂಕ್ಷ್ಮ ಇದೆ, ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಮನೆಯನ್ನು ಹೇಗಿದ್ದರೂ ಕೆಡವಲೇಬೇಕಿತ್ತು. ಇಟ್ಟಿಗೆ ಆಸೆ ಇಲ್ಲದಿದ್ದರೆ ಮಷೀನ್ ತಂದು ಕೆಡವಿ ಕಲ್ಲುಮಣ್ಣು ಸಾಗಿಸುತ್ತಿದ್ದೆವು, ಅದಕ್ಕೂ ಖರ್ಚು ಇದೆ. ಆ ಖರ್ಚನ್ನು ಈ ಒಳ್ಳೇ ಇಟ್ಟಿಗೆಗಳ ಮೇಲೆ ಹಂಚಿದರೆ ಒಂದಕ್ಕೆ 12 ಬಂತು. ಹಾಗಾಗಿ ಇಟ್ಟಿಗೆಯ ತಲೆ ಮೇಲೆ ಹಾಕಬೇಕಾದ್ದು 37 ಅಲ್ಲ, ಕೈಯಿಂದ ಬಿಚ್ಚಿದ್ದಕ್ಕೆ ಜಾಸ್ತಿ ಆದ 25 ಮಾತ್ರ. 23, 25, 6 ಸೇರಿ 54. ಒಂದು ಹಳೇ ಇಟ್ಟಿಗೆ ಸ್ವಚ್ಛವಾಗಿ ಅಟ್ಟಿಯಲ್ಲಿ ಕೂರುವ ಹೊತ್ತಿಗೆ ಹೊಸದರ ಬೆಲೆಯ ಅರ್ಧಕ್ಕಿಂತ ಜಾಸ್ತಿ ನಾವೇ ಖರ್ಚು ಮಾಡಿರುತ್ತೇವೆ. ಆ ವ್ಯಾಪಾರಿ ಸೊನ್ನೆ ಅಂದದ್ದು ಪೂರ್ತಿ ಅನ್ಯಾಯ ಆಗಿರಲಿಲ್ಲ ಅಂತ ಆಗ ಅರ್ಥ ಆಯಿತು. ಅವರೂ ಇದೇ ಖರ್ಚು ಮಾಡಬೇಕಲ್ವಾ?

ಇನ್ನು ಕೊಳ್ಳುವವರ ಕಡೆ. ಸಾಮಾನ್ಯ ಕಟ್ಟಡ ಕಟ್ಟುವ ಇಬ್ಬರನ್ನು ವಿಚಾರಿಸಿದೆ. ಸ್ವಚ್ಛ ಮಾಡಿದ ಇಟ್ಟಿಗೆ ಒಂದಕ್ಕೆ 60ಕ್ಕಿಂತ ಮೇಲೆ ಬರಲಿಲ್ಲ. ಅವರ ಕಾರಣವೂ ಸರಿಯೇ. ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆ ಒಂದಕ್ಕಿಂತ ಒಂದು 3, 4 ಮಿಲಿಮೀಟರ್ ವ್ಯತ್ಯಾಸ, ಗಾರೆ ಜಾಸ್ತಿ ಹಿಡಿಯುತ್ತದೆ, ಕೆಲಸ ನಿಧಾನ. ಹಳೇ ಗಾರೆಯ ನುಣುಪು ಪುಡಿ ಇಟ್ಟಿಗೆಯ ರಂಧ್ರಗಳಲ್ಲಿ ಕೂತಿರುವುದರಿಂದ ಹೊಸ ಗಾರೆ ಹೊಸ ಇಟ್ಟಿಗೆಗೆ ಹಿಡಿದಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಭಾರ ಹೊರುವ ಗೋಡೆಗಾದರೆ ಲ್ಯಾಬಿನಲ್ಲಿ ಒತ್ತಿ ನೋಡಿಸಬೇಕು. ಸಾಗಾಟ ಬೇರೆ. ಒಂದು 3.1 ಕಿಲೋ ಅಂದರೆ 1,000ಕ್ಕೆ ಮೂರು ಟನ್ ಮೇಲೆ, ದೂರ ಹೋದಷ್ಟೂ ಬೆಲೆಯನ್ನು ಲಾರಿಯೇ ತಿನ್ನುತ್ತದೆ. 60ರಲ್ಲಿ 54 ಹೋದರೆ ಉಳಿಯುವುದು 6. ಇದಕ್ಕಾಗಿ ಇಷ್ಟು ಕಷ್ಟ ಪಡುವುದು ಬೇಡ ಅನಿಸಿತು.

ಆ ರಾತ್ರಿ ನನಗೆ ಹರಪ್ಪ ನೆನಪಾಯಿತು. 1850ರ ದಶಕದಲ್ಲಿ ರೈಲು ದಾರಿ ಹಾಕುವವರು ಹರಪ್ಪದ ದಿಬ್ಬದಿಂದ ನಾಲ್ಕು ಸಾವಿರ ವರ್ಷ ಹಳೆಯ ಸುಟ್ಟ ಇಟ್ಟಿಗೆಗಳನ್ನು ಗಾಡಿಗಟ್ಟಲೆ ತೆಗೆದು ಹಳಿಯ ಕೆಳಗೆ ಜಲ್ಲಿಯ ಬದಲು ಹಾಕಿದರು. ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲಿ ಮಾಡಿದ ಇಟ್ಟಿಗೆಗಳು ಅವು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ 1077ರಲ್ಲಿ ದೊಡ್ಡ ಚರ್ಚ್ ಕಟ್ಟಲು ಶುರು ಮಾಡಿದವರು ಪಕ್ಕದ ಪಾಳುಬಿದ್ದ ರೋಮನ್ ಪಟ್ಟಣದ ಇಟ್ಟಿಗೆಗಳನ್ನು ಆರಿಸಿ ತಂದು ಗೋಪುರ ಎಬ್ಬಿಸಿದರು, ಅದು ಈಗಲೂ ನಿಂತಿದೆ. ಎರಡೂ ಕಡೆ ಹಳೇ ಇಟ್ಟಿಗೆಯೇ. ಯಾರಿಗೆ ಯಾತಕ್ಕೆ ಬೇಕಾಗಿತ್ತು ಅನ್ನುವುದಷ್ಟೇ ಬೇರೆ. ನಾನು ಇಲ್ಲಿಯವರೆಗೆ ಇಟ್ಟಿಗೆಯನ್ನು ಮಾತ್ರ ಪರೀಕ್ಷೆ ಮಾಡಿದ್ದೆ, ಬೇಕಾದವರು ಯಾರು ಅಂತ ಹುಡುಕಿಯೇ ಇರಲಿಲ್ಲ.

ಹಾಗೆ ಹುಡುಕಿದಾಗ ಸಿಕ್ಕಿದವರು ತಮ್ಮ ಹಳೇ ಮನೆಯ ಒಂದು ಗೋಡೆ ದುರಸ್ತಿ ಮಾಡಿಸುತ್ತಿದ್ದ ಒಬ್ಬರು. ಗಿಲಾವು ಇಲ್ಲದೆ ಇಟ್ಟಿಗೆ ಕಾಣುವ ಗೋಡೆ. ಈಗ ಅವರಿಗೆ ಸಿಗುವ ಹೊಸ ಇಟ್ಟಿಗೆ 190 ಗುಣಿಸು 90 ಗುಣಿಸು 90, ಹಳೇ ವರಸೆಗೆ ಕೂರುವುದೇ ಇಲ್ಲ. ಅವರು ಬಟ್ಟೆ ಚೀಲದಲ್ಲಿ ತಮ್ಮ ಮನೆಯ ಒಂದು ಇಟ್ಟಿಗೆ ಹಿಡಿದುಕೊಂಡು ಬಂದರು. ನಮ್ಮ ಅಟ್ಟಿಯ ಪಕ್ಕ ಇಟ್ಟು, ಕೂತು, ಬಗ್ಗಿ, ಬಿಸಿಲಲ್ಲಿ ಒಂದು ಸಲ, ನೆರಳಲ್ಲಿ ಒಂದು ಸಲ ಬಣ್ಣ ನೋಡಿದರು. ಉದ್ದದಲ್ಲಿ 2 ಮಿಲಿಮೀಟರ್ ವ್ಯತ್ಯಾಸ. ಒಡೆದು ಒಳಗಿನ ಬಣ್ಣವನ್ನೂ ನೋಡಿದರು. ನಾನು ನೀರಿನ ಪರೀಕ್ಷೆಯ ಅಂಕಿಗಳನ್ನು ತೋರಿಸಿದೆ, ಮೆತ್ತನೆಯವನ್ನು ಬೇರೆ ಇಟ್ಟದ್ದನ್ನೂ ತೋರಿಸಿದೆ. 700 ಬೇಕು ಅಂದರು. 130ಕ್ಕೆ ಒಪ್ಪಂದ ಆಯಿತು, ಸಾಗಾಟ ಅವರದೇ. ಹೊಸ ಇಟ್ಟಿಗೆಗಿಂತ ಜಾಸ್ತಿ! ಅವರಿಗೆ ಅದು ಜಾಸ್ತಿ ಆಗಿರಲಿಲ್ಲ, ಆ ಅಳತೆಯಲ್ಲಿ ಬೇರೆ ಮಾಡಿಸಬೇಕೆಂದರೆ ಒಂದು ಗೂಡೇ ಹಾಕಿಸಬೇಕಿತ್ತು. ಖರ್ಚು 54 ಕಳೆದರೆ ಒಂದಕ್ಕೆ 76 ಕೈಗೆ.

ಇಂಥವರು ಸಾಲುಗಟ್ಟಿ ಬರುವುದಿಲ್ಲ ಅನ್ನುವುದೂ ನಿಜ. 700ಕ್ಕೆ ಒಬ್ಬರು ಸಿಕ್ಕಿದರು, ಉಳಿದ 1,700ಕ್ಕೆ ಎರಡನೆಯವರು ಸಿಗಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಕೇಳಿದರು, "ನಿಮಗೇ ಕಾಂಪೌಂಡ್ ಗೋಡೆ ಬೇಕಲ್ಲಮ್ಮ, ಅದಕ್ಕೆ ಹೊಸ ಇಟ್ಟಿಗೆ ಯಾಕೆ?" ಇದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಾವೇ ಬಳಸಿದರೆ ಪ್ರತಿ ಇಟ್ಟಿಗೆಗೂ ಒಂದು ಹೊಸ ಇಟ್ಟಿಗೆ ಕೊಳ್ಳುವುದು ತಪ್ಪುತ್ತದೆ, ಅಂದರೆ 100 ಉಳಿತಾಯ. 54 ಖರ್ಚು, ಜಾಸ್ತಿ ಗಾರೆ ಮತ್ತು ನಿಧಾನದ ಕೆಲಸಕ್ಕೆ ಇನ್ನೊಂದು 10, ಕಳೆದರೆ 36 ಲಾಭ. ಮಾರಿದರೆ 6, ಬಳಸಿದರೆ 36. ಲಾರಿ ಹತ್ತಿಸದೆ ಬಿಚ್ಚಿದ ಜಾಗದಲ್ಲೇ ಬಳಸುವಾಗ ಹಳೇ ಇಟ್ಟಿಗೆಗೆ ಇಷ್ಟು ಬೆಲೆ ಇರುತ್ತದೆ ಅಂತ ನನಗೆ ಮೊದಲೇ ಗೊತ್ತಿದ್ದರೆ ಕೊಳ್ಳುವವರ ಹಿಂದೆ ಅಷ್ಟು ಓಡಾಡುತ್ತಿರಲಿಲ್ಲ.

ಕೆಲಸ ನಡೆಯುವಾಗ ಒಂದು ಕೆಟ್ಟ ದಿನವೂ ಬಂತು. ಕೊನೆಯ ಗೋಡೆಯನ್ನು ಬೇಗ ಮುಗಿಸುವ ಆತುರದಲ್ಲಿ ಇಬ್ಬರು ಕೆಳಗಿನಿಂದ ಹಾರೆ ಹಾಕಿದರು, ಒಂದು ತುಂಡು ಗೋಡೆ ಇಡಿಯಾಗಿ ಮಗುಚಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ನನ್ನ ಕೈಕಾಲು ನಡುಗಿ ಹೋಯಿತು. ಅವತ್ತು ಕೆಲಸ ನಿಲ್ಲಿಸಿಬಿಟ್ಟೆ. ಇಟ್ಟಿಗೆಗಾಗಿ ಯಾರ ಜೀವವೂ ಹೋಗಬಾರದು. ಆ ಗೋಡೆಯ ಇಟ್ಟಿಗೆ ಹೆಚ್ಚಿನವು ಚೂರಾದವು, 2,400 ಅಂದುಕೊಂಡದ್ದು ಕೊನೆಗೆ 2,310 ಆಯಿತು.

ಅಟ್ಟಿ ಹಾಕುವುದನ್ನೂ ಹೇಳಿಬಿಡುತ್ತೇನೆ. ಒಂದು ವರಸೆಗೆ 25, ಹತ್ತು ವರಸೆ, ಒಂದು ಅಟ್ಟಿಗೆ 250, ಎಲ್ಲವೂ ಒಂದೇ ಥರ. ಕೊಳ್ಳುವಾಗ ಅಟ್ಟಿಯ ಒಳಗೆ ಟೊಳ್ಳು ಬಿಟ್ಟಿಲ್ಲ ಅಂತ ಮೇಲಿನ ಎರಡು ವರಸೆ ತೆಗೆಸಿ ನೋಡಬೇಕು, ನಮ್ಮಿಂದ ಕೊಂಡವರೂ ಹಾಗೇ ನೋಡಿದರು, ನಾನೇ ತೆಗೆದು ತೋರಿಸಿದೆ. ನೆಲದ ಮೇಲೆ ನೇರವಾಗಿ ಇಡಬೇಡಿ, ಹಲಗೆ ಹಾಕಿ ಇಡಿ, ಇಲ್ಲದಿದ್ದರೆ ಅವೂ ಉಪ್ಪು ಹೀರುತ್ತವೆ.

ಕಾಂಪೌಂಡಿಗೆ 1,500 ಹೋಯಿತು. ಕಟ್ಟುವ ಮೊದಲು ಚೆನ್ನಾಗಿ ನೀರು ಕುಡಿಸಿ, ಬರೀ ಸಿಮೆಂಟ್ ಬದಲು ಸಿಮೆಂಟ್, ಸುಣ್ಣ, ಮರಳು 1:1:6 ಬೆರೆಸಿದ ಗಾರೆ ಹಾಕಿಸಿದೆ. ಮುಂದೆ ಯಾರಾದರೂ ಈ ಗೋಡೆಯನ್ನೂ ಬಿಚ್ಚಿದರೆ ಇಟ್ಟಿಗೆ ಸಿಗಲಿ ಅನ್ನುವ ಆಸೆಯೂ ಇತ್ತು. ಮೆತ್ತನೆಯವನ್ನು ಒಳಗಿನ ಒಂದು ಅಡ್ಡಗೋಡೆಗೆ ಹಾಕಿ ಗಿಲಾವು ಮಾಡಿಸಿದೆವು. ಅರ್ಧ ಇಟ್ಟಿಗೆಗಳು ನಡೆಯುವ ದಾರಿಗೆ, ಚೂರು ಅದರ ಕೆಳಗಿನ ಭರ್ತಿಗೆ. ಎಲ್ಲ ಸೇರಿಸಿ ನೋಡಿದರೆ 1,000ಕ್ಕಿಂತ ಸ್ವಲ್ಪ ಜಾಸ್ತಿ ಹೊಸ ಇಟ್ಟಿಗೆಯಷ್ಟು ದುಡ್ಡು ಉಳಿಯಿತು. ಆ ವ್ಯಾಪಾರಿ ಹೇಳಿದಂತೆ ಬಿಟ್ಟುಕೊಟ್ಟಿದ್ದರೆ ಕೆಡವುವ ಖರ್ಚು ಉಳಿಯುತ್ತಿತ್ತು, ಅದು 300 ಹೊಸ ಇಟ್ಟಿಗೆಯ ಬೆಲೆ. ಅಣ್ಣ ಅಂದುಕೊಂಡಿದ್ದು 4,400. ಈ ಮೂರೂ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು ಅವನಿಗೆ ಕೊಟ್ಟೆ, ಅವನು ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡ.

ಕೊನೆಗೆ 110 ಇಟ್ಟಿಗೆ ಮಿಕ್ಕವು. ಹಲಗೆ ಮೇಲೆ ಜೋಡಿಸಿ ಟಾರ್ಪಾಲ್ ಹೊದಿಸಿದ್ದೆ. ಎರಡು ತಿಂಗಳ ಮೇಲೆ ಆ 700 ಕೊಂಡವರು ಫೋನ್ ಮಾಡಿ, ಮೂಲೆ ಕಟ್ಟುವಾಗ ಸಾಲದೆ ಬಂತು, ಇರುವುದನ್ನೆಲ್ಲ ಅದೇ ಬೆಲೆಗೆ ಕೊಡಿ ಅಂತ ಕೇಳಿದರು. 60 ಕೊಟ್ಟೆ. ಉಳಿದ 50 ಕೊಡಲಿಲ್ಲ. ನಮ್ಮ ಕಾಂಪೌಂಡಿಗೆ ನಾಳೆ ಒಂದು ಗಾಡಿ ತಾಗಿ ನಾಲ್ಕು ಇಟ್ಟಿಗೆ ಒಡೆದರೆ, ಚೀಲದಲ್ಲಿ ಒಂದು ಇಟ್ಟಿಗೆ ಹಿಡಿದುಕೊಂಡು ಅದೇ ಅಳತೆ ಹುಡುಕುತ್ತಾ ಹೊರಡಬೇಕಾದವರು ನಾವೇ ತಾನೆ.